ತಿರುಗದ ಬೀಗದ ಕೈ

೧೩ ಜೂನ್ ೨೦೨೫, ಶುಕ್ರವಾರ

ಒಂದು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಎರಡೂ ತೆರೆದರೆ ಪೆನ್ನಿಗೆ ಎರಡು ಮೊನೆ ಕಾಣುತ್ತವೆ, ಯಾವುದು ಕಾಗದ ಮುಟ್ಟಿದೆಯೋ ಗೊತ್ತಾಗುವುದಿಲ್ಲ. ನಿನ್ನೆ ಗಂಟಲಿನಿಂದ ಕೊಳವೆ ತೆಗೆದರು. ದನಿ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಮಗ ನವೀನನಿಂದ ಡೈರಿ ತರಿಸಿಕೊಂಡೆ.

ಮೊದಲು ಬರೆಯಬೇಕಾದ್ದನ್ನು ಬರೆದುಬಿಡುತ್ತೇನೆ. ಸಾಸಲು ಹೋಬಳಿಯಲ್ಲಿ ಮೂವತ್ತೆರಡು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ಕೆಂಪರಾಜ್ ಮೇಷ್ಟ್ರು ನಾಗರಹಾವಿಗೆ ಸೋಲಲಿಲ್ಲ. ಎರಡು ದಿನ ಯಂತ್ರ ಉಸಿರಾಡಿಸಿತು, ನಿಜ. ಆದರೂ ಬದುಕಿದವನು ನಾನು, ಯಂತ್ರವಲ್ಲ.

ಇಲ್ಲಿನ ಡಾಕ್ಟರು ಮೂವತ್ತು ದಾಟದ ಹುಡುಗ. ನನಗೆ ಏನಾಗಿತ್ತು ಎಂದು ವಿವರಿಸಲು ಬಂದು, ‘ನರಗಳು ವೀಕ್ ಆಗಿದ್ವು ಅಂಕಲ್’ ಎಂದ. ನರಗಳಿಗೆ ಏನೂ ಆಗಿರಲಿಲ್ಲ. ಅವನ ವಿವರಣೆಗೆ ಹತ್ತಕ್ಕೆ ನಾಲ್ಕು ಅಂಕ.

೧೪ ಜೂನ್, ಶನಿವಾರ

ಬಂದವರೆಲ್ಲ ಕೇಳುತ್ತಾರೆ, ‘ಆವತ್ತು ನಿಮಗೆ ಏನಾದರೂ ಗೊತ್ತಾಗ್ತಿತ್ತಾ?’ ಇಲ್ಲ ಎಂದು ತಲೆ ಅಲ್ಲಾಡಿಸುತ್ತೇನೆ. ಸುಳ್ಳು. ಎಲ್ಲವೂ ಗೊತ್ತಾಗುತ್ತಿತ್ತು. ರೆಪ್ಪೆ ಬಿದ್ದಿತ್ತು, ನಾಲಗೆ ಬಿದ್ದಿತ್ತು, ಕಿರುಬೆರಳು ಎತ್ತಲೂ ಆಗುತ್ತಿರಲಿಲ್ಲ. ಆದರೆ ಕಿವಿ ಚೆನ್ನಾಗಿತ್ತು, ತಲೆಯೂ ನೆಟ್ಟಗಿತ್ತು. ಯಾರಿಗೂ ಹೇಳಿಲ್ಲ. ಹೇಳಿದರೆ ಪಾಪ, ಅವರವರು ಆಡಿದ ಮಾತಿಗೆ ಅವರವರೇ ನಾಚಿಕೊಳ್ಳಬೇಕಾಗುತ್ತದೆ.

ಮನೆಯಲ್ಲಿ ಶಶಿರೇಖಾ ನನ್ನ ಕೆನ್ನೆಗೆ ಪಟಪಟ ಬಾರಿಸುತ್ತಿದ್ದಳು. ‘ರೀ, ನಿದ್ದೆ ಮಾಡ್ಬೇಡ್ರೀ, ವಿಷ ಏರ್ತದೆ!’ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಷ್ಟು ಏಟು ಒಟ್ಟಿಗೆ ಯಾವತ್ತೂ ಕೊಟ್ಟಿರಲಿಲ್ಲ. ನಿದ್ದೆಯಲ್ಲವೇ ಮಾರಾಯ್ತಿ, ರೆಪ್ಪೆ ಏಳುತ್ತಿಲ್ಲ ಎನ್ನಬೇಕೆಂದರೆ ನಾಲಗೆ ತೊಡರಿತು. ಬಾಯಿಗೆ ಬೇವಿನ ಸೊಪ್ಪು ತುರುಕಿ ‘ಕಹಿ ಐತಾ?’ ಎಂದಳು. ಕಹಿಯಿದ್ದರೆ ವಿಷ ಏರಿಲ್ಲ ಎಂದು ಲೆಕ್ಕ. ಇದು ಶುದ್ಧ ಮೂಢನಂಬಿಕೆ ಎಂದು ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಕಹಿ ಎನಿಸಿದಾಗ ಒಳಗೊಳಗೇ ಸಂತೋಷಪಟ್ಟವನೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆರೋಗ್ಯ ಕೇಂದ್ರಕ್ಕೆ ಬೈಕಿನಲ್ಲಿ ಹೋದದ್ದು. ಮುಂದೆ ನವೀನ, ನಡುವೆ ನಾನು, ಹಿಂದೆ ನನ್ನನ್ನು ಅವಚಿಕೊಂಡು ಪಕ್ಕದ ಮನೆ ಆವಲಪ್ಪ. ‘ಹಾವಿನ ಪಾಠ ಮಾಡೋ ಮೇಷ್ಟ್ರಿಗೇ ಹಾವು ಕಚ್ಚೈತೆ ನೋಡ್ಲಾ ನವೀನ’ ಎಂದು ನನ್ನ ಕಿವಿಯ ಹತ್ತಿರವೇ ಹೇಳಿದ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಸಾಗಿಸುವಾಗ ಆಂಬುಲೆನ್ಸಿನಲ್ಲಿ ನವೀನ ಅವನ ಚಿಕ್ಕಪ್ಪನಿಗೆ ಫೋನು ಮಾಡಿ, ‘ಮುಗೀತು ಚಿಕ್ಕಪ್ಪಾ, ಅಪ್ಪ ಹೋಗ್ಬಿಟ್ರು’ ಎಂದು ಅತ್ತ. ಲೇ, ಇನ್ನೂ ಇದ್ದೀನಿ ಕಣೋ ಎಂದು ಒಳಗೇ ಕಿರುಚಿದೆ. ಒಂದು ಕೂದಲೂ ಅಲ್ಲಾಡಲಿಲ್ಲ. ಆ ಭಯವನ್ನು ಬರೆಯಲು ಬರುವುದಿಲ್ಲ.

ಆಗ ಒಂದು ಹೆಣ್ಣು ದನಿ ಗದರಿತು. ‘ಯಾರೂ ಹಾಗನ್ಬೇಡಿ. ಅವರಿಗೆ ಎಲ್ಲಾ ಕೇಳಿಸ್ತಿದೆ.’

ಆಮೇಲೆ ಆ ದನಿ ನನ್ನ ಕಿವಿಗೇ ಬಂತು. ಬಾಯಿಮೂಗಿನ ಮೇಲೆ ರಬ್ಬರ್ ಮುಖವಾಡ ಒತ್ತಿ, ಚೀಲ ಹಿಚುಕಿ ಗಾಳಿ ತುಂಬುತ್ತಲೇ ಮಾತಾಡಿತು. ‘ಸಾರ್, ಹೆದರ್ಕೋಬೇಡಿ. ನಿಮ್ಮ ಮಿದುಳಿಗೆ ಏನೂ ಆಗಿಲ್ಲ, ಎಚ್ಚರವಾಗಿದೆ. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಅಂತ ಬರುತ್ತಲ್ಲ, ಅದು ಬೀಗದ ಕೈ. ಮಾಂಸಖಂಡದ ಮೇಲೆ ಪುಟ್ಟ ಪುಟ್ಟ ಬಾಗಿಲು ಇರ್ತವೆ. ಕೀ ಕೂತ್ರೆ ಬಾಗಿಲು ತೆಗೆಯುತ್ತೆ, ಸೋಡಿಯಂ ಒಳಗೆ ನುಗ್ಗುತ್ತೆ, ಮಾಂಸಖಂಡ ಕೆಲಸ ಮಾಡುತ್ತೆ. ನಾಗರಹಾವಿನ ವಿಷನೂ ಅದೇ ತೂತಲ್ಲಿ ಹೋಗಿ ಕೂರುತ್ತೆ ಸಾರ್. ಆದ್ರೆ ತಿರುಗಲ್ಲ. ತಾನೂ ತೆಗೆಯಲ್ಲ, ಇನ್ನೊಬ್ಬರಿಗೂ ಬಿಡಲ್ಲ. ಈಗ ಉಸಿರಿನ ಮಾಂಸಖಂಡಕ್ಕೂ ಅದೇ ಆಗಿದೆ. ಆ ಕಳ್ಳ ಕೀಗಳು ಬಿಡೋವರೆಗೂ ನಿಮ್ಮ ಉಸಿರು ನಾನು ಆಡ್ತೀನಿ.’

ಒಂದು ಗಂಟೆಗೂ ಮೇಲೆ ಆಡಿದಳು. ಅವಳ ಕೈ ಒಮ್ಮೆಯೂ ಲಯ ತಪ್ಪಲಿಲ್ಲ.

ವಿವರಣೆಗೆ ಹತ್ತಕ್ಕೆ ಎಂಟು. ಸೋಡಿಯಂ ಅಯಾನು ಎನ್ನಬೇಕಿತ್ತು, ಬರೀ ಸೋಡಿಯಂ ಎಂದಳು.

೧೭ ಜೂನ್, ಮಂಗಳವಾರ

ಮನೆಗೆ ಬಂದೆ. ಪೆನ್ನಿಗೆ ಈಗ ಒಂದೇ ಮೊನೆ. ಎಡಗೈ ತೋರುಬೆರಳು ಮಾತ್ರ ಕಪ್ಪಗಾಗಿದೆ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು.

ಆ ದನಿ ಯಾರದೆಂದು ಶಶಿಯನ್ನು ಕೇಳಿದೆ. ‘ಮುನಿತಾಯಮ್ಮನ ಮಗಳು ಕಣ್ರೀ, ಪ್ರಮೋದಾ. ಹೆಲ್ತ್ ಸೆಂಟರಲ್ಲಿ ಸ್ಟಾಫ್ ನರ್ಸು. ಆವತ್ತು ಡಾಕ್ಟರು ಯಾವುದೋ ಶಾಲೆ ಕ್ಯಾಂಪಿಗೆ ಹೋಗಿದ್ರಂತೆ. ಅವರು ಫೋನಲ್ಲೇ ಹೇಳ್ತಾ ಇದ್ರು, ಇವಳೊಬ್ಬಳೇ ಎಲ್ಲಾ ಮಾಡಿದ್ಲು. ನಿಮ್ಮ ಸ್ಟೂಡೆಂಟೇ ಅಂತೆ!’

ನನ್ನ ವಿದ್ಯಾರ್ಥಿನಿ! ಆಹಾ! ಅಂದುಕೊಂಡೆ, ಈ ಬೀಗ, ಬೀಗದ ಕೈ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು. ಹತ್ತನೇ ತರಗತಿಗೆ ಕಿಣ್ವಗಳ ಪಾಠದಲ್ಲಿ ನಾನೇ ನೋಟ್ಸ್ ಬರೆಸಿದ್ದು. ಮೂವತ್ತೆರಡು ವರ್ಷ ತೋಡಿದ ಬಾವಿಯ ನೀರು ನನ್ನ ಬಾಯಿಗೇ ಬಂತು. ಇವತ್ತು ನೋಡಲು ಬಂದ ಹದಿನಾಲ್ಕು ಮಂದಿಗೂ ಹೇಳಿದೆ, ‘ನನ್ನನ್ನು ಉಳಿಸಿದ್ದು ನಾನು ಹೇಳಿಕೊಟ್ಟ ಪಾಠ ಕಣ್ರಪ್ಪ’ ಎಂದು. ಆವಲಪ್ಪನಿಗೆ ಎರಡು ಸಲ ಹೇಳಿದೆ.

೧೯ ಜೂನ್, ಗುರುವಾರ

ನವೀನ ಸೋಂಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಅಲ್ಲಿ ಯಾವುದು ಎಷ್ಟು ಹೊತ್ತಿಗೆ ಆಯಿತು ಎಂದು ಬರೆದಿಡುವುದೇ ಅವನ ಕೆಲಸ. ಇವತ್ತು ಊಟಕ್ಕೆ ಕೂತಾಗ ಹೇಳಿದ, ‘ಅಪ್ಪಾ, ನಾನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕಂಪ್ಲೇಂಟ್ ಕೊಟ್ಟಿದೀನಿ. ಆ ನರ್ಸ್ ಮೇಲೆ.’

ತುತ್ತು ತಟ್ಟೆಗೇ ಇಳಿಸಿದೆ. ಯಾಕೋ ಎಂದೆ.

‘ನಿಮಗೆ ಕಚ್ಚಿದ್ದು ಎಂಟೂ ನಲವತ್ತೈದಕ್ಕೆ. ಒಂಬತ್ತೂ ಐದಕ್ಕೆ ನಾನು ಸೆಂಟರಲ್ಲಿ ಇಳಿಸಿದೆ. ಇಪ್ಪತ್ತು ನಿಮಿಷ. ಅವಳು ನಲವತ್ತು ನಿಮಿಷ ಅಲ್ಲೇ ಇಟ್ಕೊಂಡ್ಲು. ತಕ್ಷಣ ಕಳಿಸಿದ್ರೆ ನೀವು ವೆಂಟಿಲೇಟರಿಗೆ ಹೋಗ್ತಿರಲಿಲ್ಲ. ಗುತ್ತಿಗೆ ನರ್ಸು, ತಪ್ಪು ಅಂತ ಆದ್ರೆ ಮುಂದುವರಿಸಲ್ಲ. ಮೂವತ್ತನೇ ತಾರೀಕು ವಿಚಾರಣೆ.’

‘ವಾಪಸ್ ತಗೋ’ ಎಂದೆ.

‘ಯಾಕೆ? ನಿಮ್ಮ ಸ್ಟೂಡೆಂಟ್ ಅಂತಾನಾ? ನಿಮಗೇನಾದ್ರೂ ಆಗಿದ್ರೆ ನಾನೇನ್ ಮಾಡ್ಲಿ ಅಪ್ಪಾ?’ ಅವನ ಕಣ್ಣು ತುಂಬಿತ್ತು. ನಾನು ಮಜ್ಜಿಗೆ ಕುಡಿದು ಎದ್ದೆ.

೨೦ ಜೂನ್, ಶುಕ್ರವಾರ

ಇಲ್ಲಿ ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಹಾವು ಕಚ್ಚಿದ್ದು ಎಂಟೂ ನಲವತ್ತೈದಕ್ಕಲ್ಲ. ಏಳೂ ಇಪ್ಪತ್ತಕ್ಕೆ. ಹಿತ್ತಲಲ್ಲೂ ಅಲ್ಲ, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯ ಹತ್ತಿರ. ಮೋಟಾರು ಹಾಕಲು ಮುಚ್ಚಳ ತೆಗೆದರೆ ಒಳಗೆ ಬೆಚ್ಚಗೆ ಸುತ್ತಿಕೊಂಡು ಮಲಗಿತ್ತು. ಹೆಡೆ ಎತ್ತಿರಲಿಲ್ಲ. ಕಂದು ಮೈ, ಉದ್ದ ಬಾಲ. ಕೇರೆಹಾವು ಎಂದು ತೀರ್ಮಾನಿಸಿದೆ. ಕಳೆದ ತಿಂಗಳಷ್ಟೇ ಗ್ರಾಮ ಪಂಚಾಯಿತಿಯವರು ನನ್ನಿಂದ ಹಾವುಗಳ ಬಗ್ಗೆ ಉಪನ್ಯಾಸ ಮಾಡಿಸಿ ಶಾಲು ಹೊದಿಸಿದ್ದರು. ಗೋಡೆಗೆ ಪಟ ತೂಗುಹಾಕಿ ಕೋಲು ಇಟ್ಟು ತೋರಿಸಿದ್ದೆ, ‘ಇದು ಕೇರೆ, ಇದು ನಾಗರ, ಹೆಡೆ ಎತ್ತದಿದ್ದರೂ ಗುರುತು ಹಿಡಿಯಬೇಕು.’ ಅಂಥವನು ಎಡಗೈ ಹಾಕಿ ಎತ್ತಿ ಆಚೆ ಬಿಡಲು ಹೋದೆ. ಬೆರಳಿಗೆ ಹಿಡಿಯಿತು. ಆಮೇಲೆ ಹೆಡೆ ಎತ್ತಿ, ತಾನು ಯಾರೆಂದು ತೋರಿಸಿ, ಹೋಯಿತು.

ಆಗಲೇ ಕೂಗಿಕೊಳ್ಳಬೇಕಿತ್ತು. ನನಗೆ ಮೊದಲು ನೆನಪಾದದ್ದು ಆ ಶಾಲು. ಊರವರು ಏನನ್ನುತ್ತಾರೆ! ಮನೆಗೆ ಬಂದು ಮುಳ್ಳು ಚುಚ್ಚಿತು ಎಂದೆ. ಶಶಿ ಕೊಟ್ಟ ಕಾಫಿ ಕುಡಿದೆ. ಬೆರಳನ್ನು ಚೊಂಬಿನ ನೀರಿಗೆ ಅದ್ದಿಕೊಂಡು ಪೇಪರು ಹಿಡಿದು ಕೂತೆ. ಕೆಲವು ಸಲ ಹಾವು ಕಚ್ಚಿದರೂ ವಿಷ ಬಿಡುವುದಿಲ್ಲ, ಇದೂ ಅಂಥದ್ದೇ ಇರಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಪೇಪರಿನ ಸಾಲುಗಳು ಎರಡೆರಡಾದವು. ರೆಪ್ಪೆ ಇಳಿಯಿತು. ಆಗ ಹೆದರಿ ಶಶಿಯನ್ನು ಕರೆದೆ. ‘ಹಾವು ಕಚ್ತು. ಹಿತ್ತಲಲ್ಲಿ. ಈಗಷ್ಟೇ.’

ಆರೋಗ್ಯ ಕೇಂದ್ರದ ಬಾಗಿಲಲ್ಲಿ ಆ ಹುಡುಗಿ ನನ್ನ ಗಲ್ಲ ಹಿಡಿದೆತ್ತಿ ಕೇಳಿದಳು, ‘ಸಾರ್, ನಿಜ ಹೇಳಿ, ಕಚ್ಚಿ ಎಷ್ಟೊತ್ತಾಯ್ತು?’ ನಾಲಗೆ ತಡವರಿಸುತ್ತಿತ್ತು. ಕೊನೆಯದಾಗಿ ಹೊರಟ ಮಾತು ಅದೇ. ‘ಈಗಷ್ಟೇ.’

ಮಾನ ಹೋಗುವುದಕ್ಕಿಂತ ಪ್ರಾಣ ಹೋಗುವುದು ಮೇಲು ಎಂದು ಗಾದೆ. ನಾನು ಎರಡನ್ನೂ ಉಳಿಸಿಕೊಂಡೆ. ಈಗ ಅವಳ ಕೆಲಸ ಹೋಗುತ್ತದೆ.

೨೧ ಜೂನ್, ಶನಿವಾರ

ನವೀನನಿಗೆ ಹೇಳೋಣವೆಂದು ಎರಡು ಸಲ ಕರೆದೆ. ಒಮ್ಮೆ ಕನ್ನಡಕ ಎಲ್ಲಿ ಎಂದು ಕೇಳಿದೆ. ಇನ್ನೊಮ್ಮೆ ಮೋಟಾರು ಹಾಕಿದೆಯಾ ಎಂದು ಕೇಳಿದೆ.

೨೪ ಜೂನ್, ಮಂಗಳವಾರ

ಪ್ರಮೋದಾ ಬಂದಿದ್ದಳು. ಬೆರಳಿನ ಡ್ರೆಸ್ಸಿಂಗಿಗೆ ಇಷ್ಟು ದಿನ ಬೇರೆ ಯಾರನ್ನೋ ಕಳಿಸುತ್ತಿದ್ದರು, ಇವತ್ತು ಅವಳೇ ಬಂದಳು. ನವೀನ ಶಿಫ್ಟಿಗೆ ಹೋಗಿದ್ದ. ಶಶಿ ಅವಳ ಮುಖ ನೋಡಲಾರದೆ ಅಡುಗೆಮನೆ ಸೇರಿಕೊಂಡಳು. ಜಗುಲಿಯಲ್ಲಿ ಆವಲಪ್ಪ ಬೀಡಿ ಹಚ್ಚಿಕೊಂಡು ಕೂತಿದ್ದ.

ಸಣ್ಣ ಹುಡುಗಿ. ನೆಟ್ಟಗೆ ನಿಲ್ಲುತ್ತಾಳೆ. ಬೆರಳಿನ ಸತ್ತ ಚರ್ಮ ಕತ್ತರಿಸುವಾಗಲೂ ಕೈ ನಡುಗುವುದಿಲ್ಲ. ಕೆಲಸ ಮಾಡುತ್ತಲೇ ಕೇಳಿದಳು, ‘ಸಾರ್, ಆವತ್ತು ನಿಮಗೆ ಕೇಳಿಸ್ತಿತ್ತಲ್ವಾ?’

ಯಾರಿಗೂ ಹೇಳದಿದ್ದದ್ದು ಬಾಯಿಂದ ಬಂತು. ‘ಎಲ್ಲಾ ಕೇಳಿಸ್ತಿತ್ತಮ್ಮ.’

ಅವಳ ಮುಖದಲ್ಲಿ ಬೆಳಕು ಬಂತು. ‘ನನಗೆ ಗೊತ್ತಿತ್ತು! ಎಲ್ಲರೂ ನನಗೆ ಹುಚ್ಚು ಅಂದ್ಕೊಂಡ್ರು, ಹೆಣದ ಜೊತೆ ಮಾತಾಡ್ತಾಳೆ ಅಂತ.’

ನನಗೊಂದು ಅನುಮಾನ ಆಸ್ಪತ್ರೆಯಿಂದಲೂ ಕೊರೆಯುತ್ತಿತ್ತು. ಕೇಳಿದೆ. ‘ಇಂಥ ಬಾಗಿಲು ಮಿದುಳಲ್ಲೂ ಇವೆ ಅಂತಾರಲ್ಲ. ಮತ್ತೆ ವಿಷ ಅಲ್ಲಿಗೆ ಯಾಕೆ ಹೋಗಲಿಲ್ಲ?’

‘ಮಿದುಳಿನ ರಕ್ತನಾಳದ ಗೋಡೆ ತುಂಬ ಬಿಗಿ ಸಾರ್. ವಿಷದ ಪ್ರೋಟೀನು ದೊಡ್ಡದು, ದಾಟಕ್ಕಾಗಲ್ಲ. ಅದಕ್ಕೇ ನಿಮಗೆ ಎಚ್ಚರ ಇದ್ದಿದ್ದು. ದಾಟೋದು ಬೇರೆಯವು. ಆವಲಪ್ಪಣ್ಣ, ನಿಮ್ಮ ಬೀಡಿ ಇದ್ಯಲ್ಲ, ಅದರ ನಿಕೋಟಿನ್ ನೇರ ಮಿದುಳಿಗೇ ಹೋಗುತ್ತೆ. ಅದೂ ಅಸಿಟೈಲ್‌ಕೋಲೀನ್ ಬಾಗಿಲಿಗೇ. ಅದು ತಿರುಗೋ ಡೂಪ್ಲಿಕೇಟ್ ಕೀ.’

ಆವಲಪ್ಪ ಬೀಡಿಯನ್ನೊಮ್ಮೆ ನೋಡಿ, ‘ಥೂ, ನಮ್ಮನೆ ಬಾಗಿಲಿಗೆ ಬೀಗನೇ ಇಲ್ವಲ್ಲವ್ವ’ ಎಂದು ಮತ್ತೊಂದು ದಮ್ಮು ಎಳೆದ.

‘ಎಲ್ಲಾ ಬಾಗಿಲೂ ಎಬ್ಬಿಸೋವೇ ಅಲ್ಲ ಸಾರ್’ ಎಂದಳು. ‘ಮಿದುಳಲ್ಲಿ ಗಾಬಾ ಅಂತ ಇನ್ನೊಂದು ಕೀ ಇದೆ. ಅದರ ಬಾಗಿಲು ತೆಗೆದ್ರೆ ಕ್ಲೋರೈಡ್ ಒಳಗೆ ಬರುತ್ತೆ, ನರಕೋಶ ಸುಮ್ಮನಾಗುತ್ತೆ. ಆಸ್ಪತ್ರೇಲಿ ಕೊಳವೆ ಹಾಕಿದಾಗ ನಿಮಗೆ ನಿದ್ದೆ ಬರಿಸಿದ ಮದ್ದು ಇದ್ಯಲ್ಲ, ಅದು ಬಾಗಿಲ ಪಕ್ಕ ನಿಂತು ಗಾಬಾಗೆ ಸಹಾಯ ಮಾಡುತ್ತೆ, ಬಾಗಿಲು ಹೆಚ್ಚು ಸಲ ತೆಗೆಯೋ ಹಾಗೆ. ಮಕ್ಕಳಿಗೆ ಫಿಟ್ಸ್ ಬಂದಾಗ ಮೂಗಿಗೆ ಹೊಡೆಯೋ ಸ್ಪ್ರೇನೂ ಅದೇ. ಜನ ಇನ್ನೂ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ಕೊಡ್ತಾರೆ ಸಾರ್! ಕೀ ಬೇಕಾಗಿರೋದು ಸರಿ, ಕೊಡೋ ಜಾಗ ತಪ್ಪು.’

ನಾನು ಜೋರಾಗಿ ನಕ್ಕೆ. ‘ಮತ್ತೆ ನೀನು ನನಗೆ ಒಂದು ಇಂಜೆಕ್ಷನ್ ಕೊಟ್ಟೆಯಲ್ಲ, ಆಮೇಲೆ ರೆಪ್ಪೆ ಸ್ವಲ್ಪ ಎದ್ದಿತು?’

‘ನಿಯೋಸ್ಟಿಗ್ಮಿನ್. ನಮ್ಮ ಕೀ ಕೆಲಸ ಮುಗಿಸಿದ ತಕ್ಷಣ ಅದನ್ನ ಒಡೆದು ಗುಡಿಸೋ ಕಿಣ್ವ ಒಂದಿದೆ. ಆ ಇಂಜೆಕ್ಷನ್ ಅದರ ಕೈ ಹಿಡ್ಕೊಳ್ಳುತ್ತೆ. ಕೀಗಳು ಹೆಚ್ಚು ಹೊತ್ತು ಉಳೀತವೆ, ಕಳ್ಳ ಕೀ ಜಾಗ ಬಿಟ್ಟ ತಕ್ಷಣ ನುಗ್ಗಿ ಕೂರ್ತವೆ.’

ಇದನ್ನೆಲ್ಲ ಪೇಪರಿನ ಅಂಚಿನಲ್ಲಿ ಗೀಚಿಕೊಂಡಿದ್ದೆ. ಈಗ ಇಲ್ಲಿ ನೆಟ್ಟಗೆ ಬರೆದಿಟ್ಟಿದ್ದೇನೆ. ಒಂದೆರಡು ಕಡೆ ಅರ್ಥವಾಗಲಿಲ್ಲ. ಮುಂದಿನ ಸಲ ಬಂದಾಗ ಕೇಳಬೇಕು.

‘ಇಷ್ಟು ಚೆನ್ನಾಗಿ ನನ್ನ ಕ್ಲಾಸಲ್ಲೇ ಕಲಿತೆಯಾ?’ ಎಂದು ಹೆಮ್ಮೆಯಿಂದಲೇ ಕೇಳಿದೆ. ಆವಲಪ್ಪನೂ ಕೇಳಿಸಿಕೊಳ್ಳಲಿ ಎಂದು.

ಅವಳು ಬಟ್ಟೆ ಸುತ್ತುತ್ತಾ ನಕ್ಕಳು. ‘ನಿಮ್ಮ ಕ್ಲಾಸಿಂದ ಆಚೆ ನಿಂತು ಕಲಿತೆ ಸಾರ್. ಬೀಗ, ಕೀ ಅಂತ ನೋಟ್ಸ್ ಬರೆಸ್ತಿದ್ರಿ. ನಾನು ಎದ್ದು, ತಿರುಗದೆ ಇರೋ ಕೀ ಹೋಗಿ ಸಿಕ್ಕಾಕ್ಕೊಂಡ್ರೆ ಏನಾಗುತ್ತೆ ಸಾರ್ ಅಂದೆ. ಪುಸ್ತಕದಲ್ಲಿ ಇಲ್ಲದ್ದು ಕೇಳ್ತೀಯಾ, ಅಧಿಕಪ್ರಸಂಗಿ ಅಂತ ಹೊರಗೆ ಕಳಿಸಿದ್ರಿ. ಬೆಲ್ ಹೊಡೆಯೋವರೆಗೂ ಹೊಂಗೆಮರದ ಕೆಳಗೆ ನಿಂತಿದ್ದೆ. ಪ್ರಶ್ನೆ ಮಾತ್ರ ತಲೆ ಬಿಡಲಿಲ್ಲ. ನರ್ಸಿಂಗಲ್ಲಿ ಉತ್ತರ ಸಿಕ್ತು.’

ಸಿಟ್ಟಿನಿಂದ ಹೇಳಲಿಲ್ಲ. ತಮಾಷೆಯಾಗಿ ಹೇಳಿದಳು. ನನಗೆ ನೆನಪೇ ಇಲ್ಲ. ನೆನಪಿಲ್ಲದಿರುವುದೇ ಹೆಚ್ಚು ಚುಚ್ಚಿತು. ಆ ಹೊಂಗೆಮರದ ಕೆಳಗೆ ಎಷ್ಟು ಮಂದಿಯನ್ನು ನಿಲ್ಲಿಸಿದ್ದೇನೋ!

ಹೊರಡುವಾಗ ವಿಚಾರಣೆಯ ಮಾತು ನಾನೇ ಎತ್ತಿದೆ. ಅವಳು ಚೀಲದ ಜಿಪ್ಪು ಎಳೆದು ಎದ್ದು ನಿಂತಳು. ‘ನಾನು ಮಾಡಿದ್ದು ಸರಿ ಇದೆ ಸಾರ್. ವಿಷಕ್ಕೆ ಮದ್ದು ಹಾಕದೆ ಕಳಿಸಿದ್ರೆ ದಾರೀಲೇ ಹೋಗ್ತಿದ್ರಿ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಒಂದೇ ನನಗೆ ಅರ್ಥವಾಗದ್ದು. ಕಚ್ಚಿ ಇಪ್ಪತ್ತೇ ನಿಮಿಷಕ್ಕೆ ನಿಮ್ಮ ರೆಪ್ಪೆ, ನಾಲಗೆ ಎಲ್ಲಾ ಹೇಗೆ ಬಿತ್ತು? ಬೆರಳು ಅಷ್ಟು ಹೇಗೆ ಊದಿತ್ತು?’

ನನ್ನನ್ನೇ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು.

೨೭ ಜೂನ್, ಶುಕ್ರವಾರ

ಹೇಳಿಕೆ ಬರೆಯಲು ಕೂತೆ. ಬಾಯಲ್ಲಿ ಹೇಳಲಾರದವನು ಬರೆದಾದರೂ ಕೊಡೋಣ ಎಂದು.

ಮೊದಲನೆಯದು: ‘ಸರ್ಪವನ್ನು ಗುರುತಿಸುವಲ್ಲಿ ಉಂಟಾದ ಕಿಂಚಿತ್ ಗೊಂದಲದಿಂದಾಗಿ...’ ಹರಿದೆ. ಕಿಂಚಿತ್ ಅಂತೆ, ಕಿಂಚಿತ್!

ಎರಡನೆಯದು: ‘ವೈಜ್ಞಾನಿಕ ಕುತೂಹಲದಿಂದ ಹಾವನ್ನು ಸ್ಥಳಾಂತರಿಸುವಾಗ...’ ಇದನ್ನು ಬರೆದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಮೂರನೆಯದರಲ್ಲಿ ಸಮಯದ ಸುದ್ದಿಯೇ ಇಲ್ಲ, ಪ್ರಮೋದಾಳ ಗುಣಗಾನ ಎರಡು ಪುಟ. ನವೀನ ಕೇಳುತ್ತಾನೆ, ಗುಣ ಇರಲಿ, ನಲವತ್ತು ನಿಮಿಷ ಎಲ್ಲಿ ಹೋಯಿತು ಎಂದು. ಅದನ್ನೂ ಹರಿದೆ.

ಶಶಿ ಚೂರುಗಳನ್ನು ಗುಡಿಸುತ್ತಾ ಒಂದನ್ನು ಎತ್ತಿಕೊಂಡು ಓದಿದಳು. ಪೊರಕೆ ಹಿಡಿದೇ ನನ್ನ ಎದುರು ಕೂತಳು.

‘ಮುಳ್ಳು ಚುಚ್ತು ಅಂದ್ರಲ್ಲ, ಆವಾಗ್ಲೇನಾ?’

ಹೂಂ ಎಂದೆ.

‘ನಂಗೆ ಆವತ್ತೇ ಅನುಮಾನ ಇತ್ತು. ಚೊಂಬಲ್ಲಿ ಬೆರಳಿಟ್ಕೊಂಡು ಯಾರು ಪೇಪರ್ ಓದ್ತಾರೆ? ನಿಮ್ಮ ಮರ್ಯಾದೆ ಅಂತ ಸುಮ್ನಿದ್ದೆ.’ ಕೈಯಲ್ಲಿದ್ದ ಚೂರನ್ನು ನನ್ನ ಮುಂದಿಟ್ಟು ಹೇಳಿದಳು, ‘ಆ ಮಗೀಗೂ ಒಂದು ಮರ್ಯಾದೆ ಐತಲ್ರೀ.’

೨೯ ಜೂನ್, ಭಾನುವಾರ

ನಾಳೆ. ಕಾಗದ ಏನೂ ಬರೆದಿಲ್ಲ. ನಾನೂ ಬರುತ್ತೇನೆ ಎಂದಾಗ ನವೀನನಿಗೆ ಖುಷಿಯಾಯಿತು. ಅವನ ಪರವಾಗಿ ಮಾತಾಡಲು ಬರುತ್ತಿದ್ದೇನೆ ಎಂದುಕೊಂಡಿದ್ದಾನೆ.

೩೦ ಜೂನ್, ಸೋಮವಾರ

ದೊಡ್ಡಬಳ್ಳಾಪುರದ ವಿಚಾರಣೆಯಿಂದ ಬಂದು ಸ್ನಾನ ಮಾಡಿ ಬರೆಯಲು ಕೂತಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯಬೇಕು.

ಅಧಿಕಾರಿ ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಮೇಜಿನ ಮೇಲೆ ಆರೋಗ್ಯ ಕೇಂದ್ರದ ರಿಜಿಸ್ಟರು ಇತ್ತು. ಒಂದು ಕಡೆ ನಾನೂ ನವೀನನೂ ಕೂತಿದ್ದೆವು. ಇನ್ನೊಂದು ಕಡೆ ಪ್ರಮೋದಾ, ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ. ಪಕ್ಕದಲ್ಲಿ ಅವಳ ತಾಯಿ ಮುನಿತಾಯಮ್ಮ, ಸೆರಗಿನ ತುದಿಯನ್ನು ತಿರುಚುತ್ತಾ. ನವೀನ ದೂರನ್ನು ಓದಿದ. ಗಂಟೆ, ನಿಮಿಷ ಎಲ್ಲ ಅಚ್ಚುಕಟ್ಟು. ಅವನ ತಪ್ಪೇನೂ ಇಲ್ಲ, ನಾನು ಕೊಟ್ಟ ಸಮಯವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದ್ದ. ಪ್ರಮೋದಾ ತಾನು ಮಾಡಿದ್ದನ್ನು ನಿಂತು ಹೇಳಿದಳು. ದನಿ ಎತ್ತಲಿಲ್ಲ, ತಗ್ಗಿಸಲೂ ಇಲ್ಲ.

‘ರೋಗಿ ಏನಾದರೂ ಹೇಳ್ತೀರಾ?’ ಎಂದರು ಅಧಿಕಾರಿ.

ಎದ್ದೆ. ಇಷ್ಟು ವರ್ಷ ಎಷ್ಟು ವೇದಿಕೆ ಹತ್ತಿದ್ದೇನೆ, ಇವತ್ತಿನ ಹಾಗೆ ಬಾಯಿ ಒಣಗಿರಲಿಲ್ಲ. ‘ಮೇಡಂ, ನನಗೆ ಹಾವು ಕಚ್ಚಿದ್ದು ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ. ಈಗಷ್ಟೇ ಅಂತ ಹೇಳಿದ್ದು ಸುಳ್ಳು. ನಾಗರಹಾವನ್ನ ಕೇರೆ ಅಂದ್ಕೊಂಡು ನಾನೇ ಕೈ ಹಾಕಿದೆ. ಹಾವಿನ ಉಪನ್ಯಾಸ ಮಾಡಿದವನು, ಜನ ನಗ್ತಾರೆ ಅಂತ ಎಂಬತ್ತೈದು ನಿಮಿಷ ಮುಚ್ಚಿಟ್ಟೆ. ತಡ ಮಾಡಿದ್ದು ನಾನು. ಈ ಹುಡುಗಿ ಅಲ್ಲ.’

‘ಅಪ್ಪಾ, ಏಳೂ ಇಪ್ಪತ್ತಾ?’ ನವೀನನ ದನಿ ಚಿಕ್ಕ ಮಗುವಿನದಾಗಿತ್ತು. ‘ನಾನು ಮನೇಲೇ ಇದ್ನಲ್ಲಪ್ಪಾ.’ ನಾನು ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮಾತು ಮುಂದುವರಿಯುತ್ತಿರಲಿಲ್ಲ.

‘ಅದು ಸರಿ ಮೇಷ್ಟ್ರೇ’ ಎಂದರು ಅಧಿಕಾರಿ. ‘ಆದರೆ ಕೇಂದ್ರಕ್ಕೆ ಬಂದ ಮೇಲೆ ಆ ನಲವತ್ತು ನಿಮಿಷ ಏನಾಯ್ತು ಅಂತ ನೀವು ಹೇಳಕ್ಕಾಗಲ್ಲ. ನಿಮಗೆ ಪ್ರಜ್ಞೆ ಇರಲಿಲ್ಲ.’

‘ಇತ್ತು ಮೇಡಂ. ರಿಜಿಸ್ಟರ್ ತೆಗೀರಿ, ನಾನು ಹೇಳ್ತೀನಿ, ತಾಳೆ ನೋಡಿ.’

ಆವತ್ತು ಪ್ರಮೋದಾ ಒಂದೊಂದು ಕೆಲಸಕ್ಕೂ ಗಡಿಯಾರ ನೋಡಿ ಗಟ್ಟಿಯಾಗಿ ಹೇಳಿದ್ದಳು. ಬರೆಯಲು ಕೈ ಬಿಡುವಿರಲಿಲ್ಲ, ಹೇಳಿದರೆ ಆಮೇಲೆ ಬರೆಯಲು ನೆನಪಿರುತ್ತದೆ ಎಂದು. ಅಲ್ಲಾಡಲಾರದೆ ಮಲಗಿದ್ದ ನನಗೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ, ಆ ಸಂಖ್ಯೆಗಳನ್ನೇ ಹಿಡಿದುಕೊಂಡಿದ್ದೆ. ಕಣ್ಣು ಮುಚ್ಚಿ ಒಪ್ಪಿಸಿದೆ. ‘ಒಂಬತ್ತೂ ಐದು, ಒಳಗೆ ಮಲಗಿಸಿದ್ದು. ಒಂಬತ್ತೂ ಹನ್ನೆರಡು, ವಿಷದ ಮದ್ದಿನ ಡ್ರಿಪ್ಪು ಶುರು. ಒಂಬತ್ತೂ ಇಪ್ಪತ್ತಾರು, ನಿಯೋಸ್ಟಿಗ್ಮಿನ್. ಒಂಬತ್ತೂ ಮೂವತ್ತೈದು, ರೆಪ್ಪೆ ಸ್ವಲ್ಪ ಎದ್ದಿದೆ ಡಾಕ್ಟರ್ ಅಂತ ಫೋನಲ್ಲಿ ಹೇಳಿದ್ದು. ನೀನೇ ಜೊತೆಗೆ ಹೋಗಮ್ಮ ಅಂತ ಆ ಕಡೆಯಿಂದ ಹೇಳಿದ್ದು. ಒಂಬತ್ತೂ ನಲವತ್ತಾರು, ಗಾಡಿ ಹೊರಟಿದ್ದು. ಒಂಬತ್ತೂ ಐವತ್ತೆಂಟು, ನನ್ನ ಉಸಿರು ನಿಂತಿದ್ದು. ಅಲ್ಲಿಂದ ಹನ್ನೊಂದೂ ಎಂಟರವರೆಗೆ ಇವಳು ನನ್ನ ಉಸಿರು ಆಡಿದ್ದು.’

ಕಣ್ಣು ಬಿಟ್ಟೆ. ಅಧಿಕಾರಿಯ ಬೆರಳು ರಿಜಿಸ್ಟರಿನ ಕೊನೆಯ ಸಾಲಿನ ಮೇಲಿತ್ತು. ‘ನಿಯೋಸ್ಟಿಗ್ಮಿನ್ ಇಪ್ಪತ್ತೈದಕ್ಕೆ ಅಂತಿದೆ’ ಎಂದರು.

‘ಹಾಗಾದರೆ ಇಪ್ಪತ್ತೈದೇ ಸರಿ. ಅವಳು ತಪ್ಪು ಬರೆಯಲ್ಲ.’

ಮುನಿತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಧಿಕಾರಿ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಕಚ್ಚಿದ ಸಮಯದ ಎದುರು ೮.೪೫ ಎಂದಿತ್ತು. ಅಡ್ಡಗೆರೆ ಎಳೆದು ೭.೨೦ ಎಂದು ಬರೆದು, ‘ಮೊದಲು ಹೇಳಿದ್ದು ಸುಳ್ಳು, ತಪ್ಪು ನನ್ನದು’ ಎಂದು ಸೇರಿಸಿ ಸಹಿ ಹಾಕಿದೆ. ನವೀನ ಕೇಳದೆಯೇ ದೂರು ಹಿಂತೆಗೆದುಕೊಳ್ಳುವ ಅರ್ಜಿ ಬರೆದ. ಬರೆದು ಎದ್ದು ಹೋಗಿ ಪ್ರಮೋದಾಳ ಎದುರು ನಿಂತು ಕೈಮುಗಿದ. ಅವಳು, ‘ಬಿಡಿ ಅಣ್ಣಾ, ನಿಮ್ಮಪ್ಪ ಅಲ್ವಾ, ಯಾರಾದ್ರೂ ಕಂಪ್ಲೇಂಟ್ ಕೊಡೋರೇ’ ಎಂದಳು.

ಅಧಿಕಾರಿ ಕಡತ ಮುಚ್ಚಿ ಪ್ರಮೋದಾಳನ್ನು ನೋಡಿದರು. ‘ಇಂಥ ಕೆಲಸ ನಾನು ಸರ್ವಿಸಲ್ಲಿ ಮೂರೋ ನಾಲ್ಕೋ ನೋಡಿದೀನಿ. ಇದನ್ನ ನಿನ್ನ ಫೈಲಲ್ಲಿ ಬರೆದು ಕಳಿಸ್ತೀನಿ.’ ನನ್ನ ಎದೆ ಉಬ್ಬಿತು. ನನಗೆ ಶಾಲು ಹೊದಿಸಿದಾಗಲೂ ಹೀಗಾಗಿರಲಿಲ್ಲ. ಅವಳು ಒಬ್ಬಳೇ, ಡಾಕ್ಟರಿಲ್ಲದೆ, ಎಲ್ಲರೂ ಸತ್ತನೆಂದು ಕೈಬಿಟ್ಟವನ ಕಿವಿಯಲ್ಲಿ ಪಾಠ ಹೇಳುತ್ತಾ ಒಂದು ಗಂಟೆ ಹತ್ತು ನಿಮಿಷ ಉಸಿರು ಕೊಟ್ಟಳು. ನಮ್ಮ ಹೋಬಳಿಯ ಹುಡುಗಿ. ಇದನ್ನು ಎಷ್ಟು ಸಲ ಬರೆದರೂ ಸಾಲದು.

ಅಧಿಕಾರಿ ನನ್ನ ಕಡೆ ತಿರುಗಿ ಕೇಳಿದರು, ‘ಮೇಷ್ಟ್ರೇ, ಈಕೆ ನಿಮ್ಮ ಸ್ಟೂಡೆಂಟಾ?’

ಹದಿನಾಲ್ಕು ಮಂದಿಗೆ ಸಾರಿದ್ದ ಮಾತು. ಬಾಯಿಗೆ ಬರಲಿಲ್ಲ. ಹೌದು ಎನ್ನಲು ನನಗೆ ಯಾವ ಹಕ್ಕು? ನಾನು ಹೇಳಿಕೊಟ್ಟದ್ದರಿಂದಲ್ಲ, ನಾನು ಹೊರಗೆ ನಿಲ್ಲಿಸಿದರೂ ಕಲಿತವಳು. ತಲೆ ತಗ್ಗಿಸಿ ನಿಂತೆ.

‘ಹೂಂ ಮೇಡಂ’ ಎಂದಳು ಪ್ರಮೋದಾ. ‘ಇವರು ನಮ್ಮ ಮೇಷ್ಟ್ರು.’

ಕುರ್ಚಿ ಎಳೆದು ಕೊಟ್ಟಳು. ಕೂತೆ, ಎಲ್ಲರ ಮುಂದೆ ಅತ್ತೆ.